ಹಣೆಗೆ ಬಿದ್ದ ನೀರು

ಸಿಸ್ಟರ್ ಬೆಗ್ಗಾಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದನ್ನು ಅವಳ ಹೆಗ್ಗಳಿಕೆಯೆಂದು ಹೇಳುತ್ತಿಲ್ಲ. ಕೆಲವರಿಗೆ ರಾಗ ಹಿಡಿಯಲು ಬರುವುದಿಲ್ಲ, ಕೆಲವರಿಗೆ ಹಿಟ್ಟು ನಾದಲು ಬರುವುದಿಲ್ಲ, ಹಾಗೆ. ಮ್ಯೂಸ್ ನದಿಯ ಮೇಲಿನ ದಿಬ್ಬದಲ್ಲಿದ್ದ ಆ ಕಾನ್ವೆಂಟಿನ ಉಳಿದ ಸಿಸ್ಟರುಗಳೂ ಸುಳ್ಳು ಹೇಳುತ್ತಿರಲಿಲ್ಲ, ಆದರೆ ನಿಜವನ್ನು ಬೇಕಾದ ಹಾಗೆ ಮಡಿಚಿಡುವುದನ್ನು ಕಲಿತಿದ್ದರು. ಯುದ್ಧದಲ್ಲಿ ದೇಶವನ್ನು ಹಿಡಿದಿದ್ದ ಜರ್ಮನ್ನರ ಪೊಲೀಸರು ಬಂದು ಕಾನ್ವೆಂಟ್ ಶಾಲೆಯ ಹುಡುಗಿಯರ ಸಾಲನ್ನು ತೋರಿಸಿ, ಇವರ ಅಪ್ಪ ಅಮ್ಮಂದಿರೆಲ್ಲ ಎಲ್ಲಿ ಎಂದು ಕೇಳಿದಾಗ, ಬಾಗಿಲು ಕಾಯುವ ಸಿಸ್ಟರ್ ಯುಲಾಲಿ ಕಣ್ಣು ಮಿಟುಕಿಸದೆ, "ಸುಮಾರು ಜನರ ಅಪ್ಪಂದಿರು ನಿಮ್ಮ ದೇಶಕ್ಕೇ ಕೆಲಸಕ್ಕೆ ಹೋಗಿದಾರಲ್ಲ ಸ್ವಾಮಿ, ನಿಮಗೇ ಗೊತ್ತಿರಬೇಕು" ಅಂದಿದ್ದಳು. ಊರಿನ ಅರ್ಧ ಗಂಡಸರನ್ನು ಕಾರ್ಖಾನೆಗಳಿಗೆ ಹಿಡಿದುಕೊಂಡು ಹೋಗಿದ್ದರಿಂದ ಅದು ನಿಜವೇ. ಹಿಂದಿನ ಸಾಲಿನಲ್ಲಿ ಬಚ್ಚಿಟ್ಟಿದ್ದ ಏಳೆಂಟು ಯೆಹೂದಿ ಹುಡುಗಿಯರ ಅಪ್ಪಂದಿರನ್ನು ಯಾವ ಕೆಲಸಕ್ಕೆ ಒಯ್ದಿದ್ದರೆಂದು ಆಗ ನಮಗಾರಿಗೂ ತಿಳಿದಿರಲಿಲ್ಲ.

ಆ ಪೊಲೀಸರ ಅಧಿಕಾರಿ ಬೆಗ್ಗಾಳ ಕಡೆ ತಿರುಗಿ, ನೀವೇನಂತೀರಿ ಎಂದ. ಬೆಗ್ಗಾ ಬಾಯಿ ತೆರೆದಳು, ಮುಚ್ಚಿದಳು, ಕಿವಿಯವರೆಗೆ ಕೆಂಪಾದಳು. ಕಾನ್ವೆಂಟಿನ ಮುಖ್ಯಸ್ಥೆ ಮದರ್ ವಾಲ್ಬುರ್ಗಾ ನಡುವೆ ಬಂದು ನಿಂತರು.

"ಆಕೆಗೆ ಗಂಡಸರ ಹತ್ತಿರ ಮಾತಾಡಿ ಅಭ್ಯಾಸ ಇಲ್ಲ ಸ್ವಾಮಿ. ಹದಿನೆಂಟಕ್ಕೆ ಇಲ್ಲಿಗೆ ಬಂದೋಳು. ಬಿಟ್ಟುಬಿಡಿ ಪಾಪ."

ಅವರು ಹೋದ ಮೇಲೆ ಮದರ್ ಬೆಗ್ಗಾಳನ್ನು ಕರೆದು, "ಇನ್ನೊಂದು ಸಲ ಅವರ ಮೋಟಾರು ಸದ್ದು ಕೇಳಿದ್ರೆ ನೀನು ಸೀದಾ ಕೋಳಿಗೂಡಿಗೆ ಹೋಗು. ಕೋಳಿಗಳು ಏನೂ ಕೇಳಲ್ಲ" ಅಂದರು. ಅಂದಿನಿಂದ ಬೆಗ್ಗಾ ಅದನ್ನೇ ಪಾಲಿಸಿದಳು. ಐವತ್ತು ದಾಟಿದ, ದಪ್ಪ ಮೈಯ ಹೆಂಗಸು, ಕೋಳಿಗೂಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಜಪಸರ ಎಣಿಸುವುದನ್ನು ನೋಡಿ ಮಕ್ಕಳು ನಗುತ್ತಿದ್ದವು.

ನಾಲ್ಕು ವರ್ಷದ ಪೆರ್ಲಾ ಬಂದದ್ದು ಸಾವಿರದ ಒಂಬೈನೂರ ನಲವತ್ಮೂರರ ವಸಂತದಲ್ಲಿ. ಅವಳನ್ನೂ ಅವಳ ತಾಯಿಯನ್ನೂ ಕರೆತಂದವರು ಊರಿನ ಪಾದ್ರಿ ಫಾದರ್ ಕ್ಲೊಸ್ಸೆ. ಇವರ ವಿಷಯ ಸ್ವಲ್ಪ ಹೇಳಲೇಬೇಕು. ಗುರುವಾರ ಒಂದು ಯೆಹೂದಿ ಸಂಸಾರವನ್ನು ಚರ್ಚಿನ ಆರ್ಗನ್ ವಾದ್ಯದ ಹಿಂದೆ ಬಚ್ಚಿಟ್ಟು, ಶನಿವಾರ ಪಾಪನಿವೇದನೆಗೆ ಬಂದ ಮುದುಕಿಯೊಬ್ಬಳನ್ನು ಮಾಂಸ ಮುಟ್ಟಬಾರದ ಶುಕ್ರವಾರ ಮಾಂಸದ ಸಾರು ಕುಡಿದಳೆಂದು ಗದರಿಸಿದ ಮನುಷ್ಯ. "ಯುದ್ಧ ಅಲ್ವಾ ಫಾದರ್, ಸಿಕ್ಕಿದ್ದು ಕುಡಿದೆ" ಅಂದಳಂತೆ ಅವಳು. "ಯುದ್ಧ ಜರ್ಮನಿ ಜೊತೆ, ಶುಕ್ರವಾರದ ಜೊತೆ ಅಲ್ಲ" ಅಂದರಂತೆ ಇವರು. ಆ ಮುದುಕಿಯೇ ಊರೆಲ್ಲ ಹೇಳಿಕೊಂಡು ಬಂದಳು. ಪ್ರಾಣದ ಹಂಗು ತೊರೆದವರು, ಆದರೆ ಕಟ್ಟಳೆಯ ಹಂಗು ತೊರೆದವರಲ್ಲ. ಅಂಥವರ ಜೊತೆ ಬಾಳುವುದು ಕಷ್ಟ, ಆ ಕಾಲದಲ್ಲಿ ಅಂಥವರಿಲ್ಲದೆ ಬಾಳುವುದು ಇನ್ನೂ ಕಷ್ಟವಿತ್ತು.

ತಾಯಿಯ ಹೆಸರು ಗಿಟ್ಲಾ. ಲೀಜ್ ಪಟ್ಟಣದಲ್ಲಿ ಚರ್ಮದ ಕೈಗವಸು ಹೊಲಿಯುತ್ತಿದ್ದವಳು. ಗಂಡನನ್ನು ಹಿಂದಿನ ಬೇಸಿಗೆಯಲ್ಲಿ ಎಳೆದುಕೊಂಡು ಹೋಗಿದ್ದರು. ಅವಳಿಗೆ ದೂರದ ಹೊಲದಮನೆಯೊಂದರಲ್ಲಿ ಆಳಿನ ಕೆಲಸ ಗೊತ್ತುಮಾಡಲಾಗಿತ್ತು, ಸುಳ್ಳು ಹೆಸರಿನಲ್ಲಿ. ಮಗುವನ್ನು ಜೊತೆಗಿಟ್ಟುಕೊಳ್ಳುವಂತಿರಲಿಲ್ಲ. ಭೇಟಿಯ ಕೋಣೆಯಲ್ಲಿ ಮದರ್, ಫಾದರ್, ಮತ್ತು ಮಕ್ಕಳ ಕಾಯಿಲೆ ಕಸಾಲೆ ನೋಡಿಕೊಳ್ಳುವ ಬೆಗ್ಗಾ ಇದ್ದರು. ಗಿಟ್ಲಾ ಕೂರಲಿಲ್ಲ.

"ಹೆಸರು ಬದಲಾಯಿಸಿ" ಅಂದಳು. "ಕುತ್ತಿಗೆಗೆ ಶಿಲುಬೆ ಹಾಕಿ. ನಿಮ್ಮ ಹಾಡು ಹೇಳಿಕೊಡಿ. ಹಂದಿಮಾಂಸ ತಿನ್ನಿಸಬೇಕಾದ್ರೂ ತಿನ್ನಿಸಿ, ಬದುಕಬೇಕಲ್ಲ. ಒಂದು ಮಾತ್ರ ಬೇಡ. ತಲೆಗೆ ನೀರು ಹಾಕಬೇಡಿ."

"ಹಾಕಲ್ಲಮ್ಮ" ಅಂದರು ಮದರ್.

"ಅದೊಂದು ಆಗಿಹೋದ್ರೆ ನೀವು ಅವಳನ್ನ ವಾಪಸ್ ಕೊಡಲ್ಲ. ನಮ್ಮ ಜನಕ್ಕೆಲ್ಲ ಗೊತ್ತು ಇದು. ನಮ್ಮಜ್ಜಿ ಹೆದರಿಸ್ತಿದ್ರು, ಪಾದ್ರಿ ಕೈಯಲ್ಲಿ ಲೋಟ ಕಂಡ್ರೆ ಓಡು ಅಂತ."

ಫಾದರ್ ಕ್ಲೊಸ್ಸೆ ನೆಲ ನೋಡಿದರು. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಟ್ಟಳೆ ಹಾಗೇ ಇತ್ತು. ತಲೆಗೆ ನೀರು ಹಾಕಿ ಜ್ಞಾನಸ್ನಾನವಾದ ಮಗು ಕ್ರೈಸ್ತ ಮಗು, ಧರ್ಮಸಭೆಯ ಮಗು. ಬೆಳೆಸಲು ಬೇರೆ ಧರ್ಮದವರ ಕೈಗೆ, ಹೆತ್ತವರೇ ಆದರೂ, ಕೊಡುವಂತಿಲ್ಲ.

"ನಾನು ಮಾತು ಕೊಡ್ತೀನಿ" ಎಂದರು ಮದರ್.

ಗಿಟ್ಲಾ ಬೆಗ್ಗಾಳ ಕಡೆ ಕೈ ತೋರಿಸಿದಳು. "ಇವರೂ ಹೇಳ್ಲಿ. ಮಗು ಇವರ ಕೈಲಿ ತಾನೇ ಇರೋದು?"

"ಹಾಕಲ್ಲ" ಅಂದಳು ಬೆಗ್ಗಾ. ಆ ಹೊತ್ತಿಗೆ ಅದು ಅಪ್ಪಟ ನಿಜವಾಗಿತ್ತು.

ಪೆರ್ಲಾ ಪೆರಿನ್ ಆದಳು. ಮೊದಲ ಕೆಲವು ವಾರ ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಆಮೇಲೆ ನಾಲ್ಕು ವರ್ಷದ ಮಕ್ಕಳು ಮಾಡುವುದನ್ನೇ ಮಾಡಿದಳು, ಮರೆತಳು. ಮನೆಯ ಮಾತು ಒಂದೊಂದೇ ಪದವಾಗಿ ಉದುರಿಹೋಯಿತು. ಒಣಬ್ರೆಡ್ಡಿಗೆ ಪಿಯರ್ ಹಣ್ಣಿನ ಕಪ್ಪು ಪಾಕ ಸವರಿಕೊಟ್ಟರೆ ಪಾಕವನ್ನಷ್ಟೇ ನೆಕ್ಕಿ ಬ್ರೆಡ್ಡನ್ನು ಬೆಗ್ಗಾಳ ಜೇಬಿಗೆ ಹಾಕುತ್ತಿದ್ದಳು. ಬೆಗ್ಗಾ ಎಲ್ಲಿ ಹೋದರೂ ಹಿಂದೆ.

"ಬೆಗಾ, ಕೋಳಿ ಯಾಕೆ ನೀರು ಕುಡಿದು ಮೇಲೆ ನೋಡುತ್ತೆ?"

"ದೇವರಿಗೆ ಥ್ಯಾಂಕ್ಸ್ ಹೇಳುತ್ತೆ."

"ಮತ್ತೆ ನಾವು ಅದನ್ನ ತಿಂದುಬಿಡ್ತೀವಲ್ಲ, ಆಗ?"

ಬೆಗ್ಗಾ ಜೇಬಿನ ಬ್ರೆಡ್ಡು ತೆಗೆದು ಕೋಳಿಗಳಿಗೆ ಮುರಿದು ಹಾಕಿದಳು. ಅವಳು ಆ ಮಗುವನ್ನು ಅತಿಯಾಗಿ ಹಚ್ಚಿಕೊಂಡಿದ್ದಳು; ಕಾನ್ವೆಂಟಿನ ನಿಯಮದಲ್ಲಿ ಅದಕ್ಕೂ ಒಂದು ಎಚ್ಚರಿಕೆ ಇದೆ, ಅದನ್ನು ಅವಳು ಓದಿದ್ದಳು, ಓದಿ ಸುಮ್ಮನಾಗಿದ್ದಳು.

ಮುಂದಿನ ಚಳಿಗಾಲದಲ್ಲಿ ಊರಿಗೆ ಗಂಟಲಮಾರಿ ಬಂತು. ಪೆರಿನ್‌ಳ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿದ್ದನ್ನು ನೋಡಿ ಡಾಕ್ಟರು ಅಲ್ಲೇ ಕೋಟು ಹಾಕಿಕೊಂಡರು. ಇದಕ್ಕೆ ಚುಚ್ಚುವ ಔಷಧಿ ನದಿಯಾಚೆಯ ಪಟ್ಟಣದಲ್ಲಿದೆ, ಸೈಕಲಲ್ಲಿ ಹೋಗಿ ತರುತ್ತೇನೆ, ಮಧ್ಯಾಹ್ನದೊಳಗೆ ಬರುತ್ತೇನೆ ಎಂದರು. ಮಧ್ಯಾಹ್ನ ಕಳೆಯಿತು. ಜರ್ಮನ್ನರು ಸೇತುವೆ ಮುಚ್ಚಿದ್ದಾರೆಂದು ಹಾಲಿನವನು ಸುದ್ದಿ ತಂದ. ಸಂಜೆಪ್ರಾರ್ಥನೆಯ ಗಂಟೆಯಾಗಿ ಎಲ್ಲರೂ ಕೆಳಗೆ ಇಳಿದರು. ಬೆಗ್ಗಾ ಒಬ್ಬಳೇ ಮಗುವಿನ ಹತ್ತಿರ ಉಳಿದಳು.

ಮಗುವಿನ ತುಟಿ ನೀಲಿಯಾಗಿತ್ತು. ಒಂದೊಂದು ಉಸಿರಿಗೂ ಕತ್ತಿನ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬೆಗ್ಗಾ ಇದನ್ನು ಎಷ್ಟೋ ಸಲ ನೋಡಿದ್ದವಳು, ಮುಂದೆ ಏನೆಂದು ಅವಳಿಗೆ ಗೊತ್ತಿತ್ತು.

ಇಲ್ಲಿ ಅವಳ ತಮ್ಮನ ವಿಷಯ ಹೇಳಬೇಕಾಗುತ್ತದೆ. ಆ ತಮ್ಮನಿಗೆ ಹೆಸರಿಲ್ಲ. ಹುಟ್ಟಿ ಸ್ವಲ್ಪ ಹೊತ್ತಿಗೆ, ಪಾದ್ರಿ ಬಂದು ನೀರು ಹಾಕುವ ಮೊದಲೇ ಸತ್ತ. ಜ್ಞಾನಸ್ನಾನವಿಲ್ಲದ ಕೂಸೆಂದು ಅವನನ್ನು ಸ್ಮಶಾನದ ಗೋಡೆಯ ಹೊರಗೆ, ಮುಳ್ಳಿನ ಪೊದೆ ಪಕ್ಕ ಹೂತರು. ಭಾನುವಾರ ಚರ್ಚಿನ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೂವು ಇಡುವಾಗ ಬೆಗ್ಗಾಳ ಅಮ್ಮ ಗೋಡೆಗೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು. ಅಂಥ ಕೂಸುಗಳು ನರಕಕ್ಕೆ ಹೋಗುವುದಿಲ್ಲ, ನೋವೂ ಇಲ್ಲ, ಆದರೆ ದೇವರ ಮುಖ ಕಾಣುವುದಿಲ್ಲ, ಬೇರೆಲ್ಲೋ ಇರುತ್ತವೆ ಎಂದು ಅವಳಿಗೆ ಕಲಿಸಿದ್ದರು. ಬೇರೆಲ್ಲೋ. ಪೆರಿನ್ ಆಗಲೇ ಒಮ್ಮೆ ಅಮ್ಮನಿಲ್ಲದ ಜಾಗಕ್ಕೆ ಬಂದ ಮಗು. ಅವಳನ್ನು ಅಂಥದೇ ಇನ್ನೊಂದು ಜಾಗಕ್ಕೆ, ಈ ಸಲ ಒಬ್ಬಳನ್ನೇ, ಕಳಿಸುವುದು ಬೆಗ್ಗಾಳ ಕೈಲಾಗಲಿಲ್ಲ. ಸಾಯುವ ಮಗುವಿಗೆ ಯಾರು ಬೇಕಾದರೂ ನೀರು ಹಾಕಬಹುದು, ಪಾದ್ರಿಯೇ ಬೇಕಿಲ್ಲ. ಅದೂ ಅವಳಿಗೆ ಗೊತ್ತಿತ್ತು.

ಮಂಚದ ಪಕ್ಕದ ಲೋಟದಲ್ಲಿ ಬಾರ್ಲಿ ನೀರಿತ್ತು. ಅದು ಸಲ್ಲದು, ಬೇಯಿಸಿದ ಗಂಜಿನೀರಿನಲ್ಲಿ ಜ್ಞಾನಸ್ನಾನವಾಗುವುದಿಲ್ಲ, ಬರಿ ನೀರೇ ಆಗಬೇಕು. ಅವಳು ಎದ್ದು, ಬಾರ್ಲಿ ನೀರನ್ನು ಚೆಲ್ಲಿ, ಲೋಟ ತೊಳೆದು, ಕೋಣೆಯ ಆ ತುದಿಯ ಹೂಜಿಯವರೆಗೆ ನಡೆದು ನೀರು ತುಂಬಿಸಿಕೊಂಡು ಬಂದಳು. ಕೈತಪ್ಪಿ ಆಯಿತು, ಗಾಬರಿಯಲ್ಲಿ ಆಯಿತು ಎಂದು ಮುಂದೆ ಅವಳು ತನಗೆ ತಾನೇ ಹೇಳಿಕೊಳ್ಳಲು ಆಗದೇ ಹೋದದ್ದು ಈ ಕಾರಣಕ್ಕೆ. ಹೋಗಿ ಬರುವಾಗ ಗಿಟ್ಲಾಳ ಮುಖ ನೆನಪಿಗೆ ಬಂದಿತ್ತು. ಬಂದರೂ ಅವಳು ಮೂರು ಸಲ ಹಣೆಗೆ ನೀರು ಬಿಟ್ಟು, ಹೇಳಬೇಕಾದ ಮಾತು ಹೇಳಿದಳು. ಕೆಳಗೆ ಕೀರ್ತನೆ ಇನ್ನೂ ಮುಗಿದಿರಲಿಲ್ಲ.

ಕೀರ್ತನೆ ಮುಗಿಯುವ ಹೊತ್ತಿಗೆ ಡಾಕ್ಟರು ಬಂದರು, ಮೊಣಕಾಲವರೆಗೆ ಕೆಸರು. ದೋಣಿಯವನೊಬ್ಬನ ಕೈಕಾಲು ಹಿಡಿದು ನದಿ ದಾಟಿದ್ದರು. ಚುಚ್ಚಿದರು. ಮರುದಿನ ಪೊರೆ ಬಿಡತೊಡಗಿತು. ವಾರದೊಳಗೆ ಪೆರಿನ್ ಎದ್ದು ಕೂತು ಪಾಕ ಕೇಳಿದಳು. ಕಾನ್ವೆಂಟೆಲ್ಲ ಸಂಭ್ರಮಪಟ್ಟಿತು. ಬೆಗ್ಗಾಳಿಗೆ ಆದ ಸಂತೋಷ ಹೇಳತೀರದು, ಆದರೆ ಆ ಸಂತೋಷ ನುಂಗಲಾರದ ಬಿಸಿ ತುಪ್ಪವಾಗಿತ್ತು. ಸತ್ತಿದ್ದರೆ ನೀರು ಮಗುವನ್ನು ಸ್ವರ್ಗಕ್ಕೆ ಮುಟ್ಟಿಸುತ್ತಿತ್ತು. ಬದುಕಿದ್ದರಿಂದ ಅದೇ ನೀರು ಅವಳನ್ನು ತಾಯಿಯಿಂದ ಕಿತ್ತುಕೊಳ್ಳಬಹುದಾಗಿತ್ತು.

ಶನಿವಾರ ಫಾದರ್ ಕ್ಲೊಸ್ಸೆ ಸಿಸ್ಟರುಗಳ ಪಾಪನಿವೇದನೆಗೆ ಬಂದಾಗ ಅವಳು ಪಾಪನಿವೇದನೆಯ ಗೂಡಿನ ಜಾಲರಿಯ ಈಚೆ ಮಂಡಿಯೂರಿ ಎಲ್ಲ ಹೇಳಿ ಅತ್ತಳು.

"ನೀವು ಯಾವ ಪಾಪ ನಿವೇದಿಸ್ತಿದೀರಿ?" ಎಂದರು ಅವರು. "ಸಾಯೋ ಮಗುವಿಗೆ ಜ್ಞಾನಸ್ನಾನ ಕೊಡೋದು ಪಾಪ ಅಲ್ಲ. ಕಟ್ಟಳೆ ಒಪ್ಪುತ್ತೆ."

"ಮಾತು ಮುರಿದೆ ಫಾದರ್. ಆ ತಾಯಿಗೆ ಕೊಟ್ಟ ಮಾತು."

"ಕಟ್ಟಳೆ ಪ್ರಕಾರ ಆ ಮಾತಿಗಿಂತ ಮಗುವಿನ ಆತ್ಮ ದೊಡ್ಡದು."

"ತಾವೂ ಹಾಗೇ ಅಂತೀರಾ?"

"ನಾನು ಅನ್ನೋದು ಬೇರೆ ಏನಿದೆ?" ಅವರ ದನಿ ಒರಟಾಯಿತು. ಆಮೇಲೆ ಸ್ವಲ್ಪ ತಗ್ಗಿತು. "ನೋಡಿ ಸಿಸ್ಟರ್. ಇಲ್ಲಿ ಕೇಳಿದ್ದು ಇಲ್ಲೇ ಸತ್ತುಹೋಗುತ್ತೆ. ಹೊರಗೆ ನಾನು ಅದನ್ನ ಬಳಸೋ ಹಾಗಿಲ್ಲ, ಮುಖದಲ್ಲಿ ತೋರಿಸೋ ಹಾಗೂ ಇಲ್ಲ. ಆದ್ರೆ ಇದೇ ಮಾತು ನೀವು ಹೊರಗೆ, ಹಗಲಲ್ಲಿ ಬಂದು ಹೇಳಿದ್ರೆ, ಆಗ ನಾನು ಪಾದ್ರಿ ಮಾಡಬೇಕಾದ್ದು ಮಾಡ್ತೀನಿ. ಮೇಲಿನವರಿಗೆ ತಿಳಿಸ್ತೀನಿ. ಅರ್ಥ ಆಯ್ತಾ?"

"ಆಯ್ತು."

"ಹೇಳೋದು ನಿಮ್ಮ ಕರ್ತವ್ಯ. ಅದನ್ನೂ ಹೇಳಿಬಿಡ್ತೀನಿ."

ಅವಳು ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದಳು. ಯಾರೂ ಕೇಳಿರಲಿಲ್ಲ, ಕೇಳದಿದ್ದರೆ ಸುಮ್ಮನಿರುವುದು ಸುಳ್ಳಲ್ಲ. ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ, ಆ ತಾಯಿ ಬರದೇ ಹೋದರೆ ಎಲ್ಲ ತಾನಾಗಿಯೇ ಸರಿಹೋಗುತ್ತದಲ್ಲ ಎಂಬ ಯೋಚನೆ ಬಂತು. ಬರದೇ ಹೋಗುವುದೆಂದರೆ ಏನೆಂದು ಹೊಳೆದ ತಕ್ಷಣ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲಿ ಬಿಟ್ಟು ಹೋಗಿ ಗಿಟ್ಲಾಳ ಹೆಸರಿನಲ್ಲಿ ಪ್ರಾರ್ಥನೆ ಮಾಡಿದಳು. ಆಮೇಲೆ ದಿನವೂ ಮಾಡಿದಳು, ಬದುಕಿರಲಿ, ಬರಲಿ ಎಂದು. ಬಂದರೆ ಏನು ಮಾಡುವುದೆಂದು ಮಾತ್ರ ದೇವರನ್ನು ಕೇಳಲಿಲ್ಲ, ಅವನ ಉತ್ತರ ಫಾದರ್ ಕ್ಲೊಸ್ಸೆಯವರದ್ದೇ ಆಗಿರುತ್ತದೆಂಬ ಭಯ.

ಸೆಪ್ಟೆಂಬರಿನಲ್ಲಿ ಜರ್ಮನ್ನರನ್ನು ಓಡಿಸಿ ಅಮೆರಿಕನ್ನರು ಬಂದರು. ಚರ್ಚಿನ ಗಂಟೆಗಳು ಮೊಳಗಿದವು, ಸಿಸ್ಟರ್ ಯುಲಾಲಿ ಒಬ್ಬ ಸೈನಿಕನ ಕೈಯಿಂದ ಚ್ಯೂಯಿಂಗ್ ಗಮ್ ಇಸಿದುಕೊಂಡು ನುಂಗಿಯೇ ಬಿಟ್ಟಳು. ಬಚ್ಚಿಟ್ಟ ಮಕ್ಕಳನ್ನು ಕೇಳಿಕೊಂಡು ಒಬ್ಬೊಬ್ಬರೇ ಬರತೊಡಗಿದರು. ತಾಯಿ ತಂದೆಯರು ಕಡಿಮೆ, ಚಿಕ್ಕಪ್ಪ, ಅತ್ತೆ, ನೆರೆಯವರು ಹೆಚ್ಚು. ಮಗುವನ್ನು ಒಪ್ಪಿಸುವ ಮೊದಲು ಫಾದರ್ ಪ್ರತಿಯೊಬ್ಬರ ವಿಷಯದಲ್ಲೂ ಒಂದು ಪ್ರಶ್ನೆ ಕೇಳುತ್ತಿದ್ದರು, ಈ ಮಗುವಿಗೆ ಜ್ಞಾನಸ್ನಾನ ಆಗಿದೆಯೇ ಎಂದು. ಮಾರ್ತ್ ಎಂಬ ಹುಡುಗಿಗೆ ಆಗಿತ್ತು. ಇಲ್ಲಿಗೆ ಬರುವ ಮೊದಲು ಅವಳನ್ನು ಬಚ್ಚಿಟ್ಟಿದ್ದ ರೈತನ ಹೆಂಡತಿ ಭಕ್ತಿಯಿಂದ ಮಾಡಿಸಿದ್ದಳು. ಅವಳ ಚಿಕ್ಕಪ್ಪ ಬಂದಾಗ ಫಾದರ್ ಮಗುವನ್ನು ಕೊಡಲಿಲ್ಲ. ಮೇಲಿನವರಿಗೆ ತಿಳಿಸಿದ್ದೇನೆ, ತೀರ್ಮಾನ ಬರಲಿ ಎಂದರು. ಆ ಮನುಷ್ಯ ಹ್ಯಾಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ನಮ್ಮ ಮನೆಯಲ್ಲಿ ಉಳಿದಿರೋದು ಇವಳೊಬ್ಬಳೇ, ಸ್ವಾಮಿ" ಅಂದ. ಮತ್ತೆ ಬಂದ, ಮತ್ತೆ ಬರಿಗೈಯಲ್ಲಿ ಹೋದ. ಮಾರ್ತ್ ಮೆಟ್ಟಿಲ ಮೇಲೆ ಕೂತು ಅವನು ಇಳಿಜಾರಿನಲ್ಲಿ ಮರೆಯಾಗುವುದನ್ನು ನೋಡುತ್ತಿದ್ದಳು. ಫಾದರ್ ಕ್ಲೊಸ್ಸೆ ಆ ದಿನ ಊಟ ಮಾಡಲಿಲ್ಲವೆಂದು ಅವರ ಅಡಿಗೆಯವಳು ಹೇಳಿದಳು. ಊಟ ಬಿಟ್ಟರೇ ಹೊರತು ಹಟ ಬಿಡಲಿಲ್ಲ.

ಗಿಟ್ಲಾ ಬಂದದ್ದು ಎಲೆ ಉದುರುವ ಕಾಲದಲ್ಲಿ, ಮಳೆಯಲ್ಲಿ. ತಲೆ ಬೆಳ್ಳಗಾಗಿತ್ತು. ಅದೇ ಭೇಟಿಯ ಕೋಣೆ, ಅದೇ ಜನ. ಈ ಸಲವೂ ಅವಳು ಕೂರಲಿಲ್ಲ.

ಪೆರಿನ್ ಅವಳನ್ನು ನೋಡಿ ಬೆಗ್ಗಾಳ ನಿಲುವಂಗಿಯ ಹಿಂದೆ ಸರಿದಳು. ಗಿಟ್ಲಾ ತಮ್ಮ ಮನೆಯ ಮಾತಿನಲ್ಲಿ ಏನೋ ಕರೆದಳು. ಮಗುವಿಗೆ ತಿಳಿಯಲಿಲ್ಲ. ಇನ್ನೊಂದು ಸಲ, ಇನ್ನೂ ಮೆಲ್ಲಗೆ ಕರೆದಳು.

"ಈ ಅಜ್ಜಿ ಯಾರು, ಬೆಗಾ?" ಎಂದಿತು ಮಗು.

ಗಿಟ್ಲಾ ಸೋತವಳ ಹಾಗೆ ನಕ್ಕು, ಈ ಊರಿನ ಮಾತಿಗೆ ಹೊರಳಿದಳು. "ನಾನು ಇಷ್ಟು ದಿನ ಹಂದಿಗಳಿಗೆ ಮುಸುರೆ ಹಾಕ್ತಿದ್ದೆ ಮಗಳೇ. ಅವುಗಳಿಗೂ ಮೊದಮೊದಲು ನಾನು ಹಿಡಿಸಲಿಲ್ಲ. ಆಮೇಲೆ ನನ್ನ ಹೆಜ್ಜೆ ಸದ್ದು ಕೇಳಿದ್ರೆ ಓಡಿಬರ್ತಿದ್ವು."

ಪೆರಿನ್ ಅರ್ಧ ಮುಖ ಹೊರಗೆ ಹಾಕಿದಳು. "ಎಷ್ಟು ಹಂದಿ?"

"ನೀನು ಬಂದ್ರೆ ಹೇಳ್ತೀನಿ."

ಫಾದರ್ ಕ್ಲೊಸ್ಸೆ ಗಂಟಲು ಸರಿಮಾಡಿಕೊಂಡರು. ಬೆಗ್ಗಾ ಮಗುವಿನ ತಲೆಯ ಮೇಲೆ ಕೈಯಿಟ್ಟಳು. ಎಲ್ಲ ಮಕ್ಕಳ ವಿಷಯದಲ್ಲೂ ಕೇಳಿದ ಪ್ರಶ್ನೆಯನ್ನು ಅವರು ಈ ಮಗುವಿನ ವಿಷಯದಲ್ಲಿ ಕೇಳದೆ ಬಿಟ್ಟರೆ ಅದೇ ಒಂದು ಸುಳಿವಾಗುತ್ತದೆ, ಜಾಲರಿಯ ಹಿಂದೆ ಕೇಳಿದ್ದನ್ನು ಬಳಸಿದಂತಾಗುತ್ತದೆ. ಆದ್ದರಿಂದ ಏನೂ ತಿಳಿಯದವರಂತೆ ಅವರು ಕೇಳಲೇಬೇಕಿತ್ತು.

"ಮದರ್, ಈ ಮಗುವಿಗೆ ಜ್ಞಾನಸ್ನಾನ ಆಗಿದೆಯಾ?"

"ಇಲ್ಲ ಫಾದರ್. ನಾನು ಮಾತು ಕೊಟ್ಟಿದ್ದೆ" ಅಂದರು ಮದರ್ ವಾಲ್ಬುರ್ಗಾ. ಅವರ ಮಟ್ಟಿಗೆ ಅದು ನಿಜ.

"ಕಾಯಿಲೆ ಬಿದ್ದಾಗ? ಯಾರಾದರೂ?" ಇದನ್ನೂ ಅವರು ಎಲ್ಲ ಮಕ್ಕಳ ವಿಷಯದಲ್ಲೂ ಕೇಳುತ್ತಿದ್ದರು, ಬೆಗ್ಗಾಳ ಕಡೆ ತಿರುಗಿ. ಈ ಸಲವೂ ತಿರುಗಿದರು. ಆದರೆ ಅವರ ಕಣ್ಣು ಅವಳ ಹೆಗಲ ಮೇಲಿಂದ ಕಿಟಕಿಯ ಮೇಲೆ ನೆಟ್ಟಿತ್ತು.

ಬೆಗ್ಗಾಳ ಕಿವಿ ಕೆಂಪಾಗತೊಡಗಿತು. ಸಿಸ್ಟರ್ ಯುಲಾಲಿ ಆಗಿದ್ದರೆ ಏನಾದರೂ ಮಡಿಚಿಟ್ಟ ಉತ್ತರ ಕೊಡುತ್ತಿದ್ದಳು. ಬೆಗ್ಗಾಳಿಗೆ ಹಾಗೆ ಮಡಿಚಲು ಬರುವುದಿಲ್ಲ, ಹೌದು ಇಲ್ಲ ಎರಡೇ ಗೊತ್ತು. ನಿಜ ಹೇಳಿದರೆ ಈ ಬಿಳಿತಲೆಯ ಹೆಂಗಸು ಆ ಇಳಿಜಾರಿನಲ್ಲಿ ಒಬ್ಬಳೇ ಇಳಿದು ಹೋಗುತ್ತಾಳೆ. ಸುಳ್ಳು ಹೇಳಿದರೆ ಮಗು ದೇವರಿಂದ ದೂರ ಬೆಳೆಯುತ್ತದೆ, ಅದರ ಹೊಣೆ ತನ್ನದು. ಅವಳು ನಿಜಕ್ಕೂ ಹಾಗೆ ನಂಬಿದ್ದಳು. ಅದನ್ನು ಹಗುರ ಮಾಡಿ ಹೇಳಿದರೆ ಈ ಕತೆಗೆ ಅರ್ಥವಿಲ್ಲ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಇನ್ನೊಂದು ಅನ್ನಿಸಿತು. ಹಾಕಿದ ನೀರು ಅಳಿಯುವುದಿಲ್ಲ ಎಂದು ತಾನೇ ಅವಳಿಗೆ ಕಲಿಸಿದ್ದು? ಅಳಿಯುವುದಿಲ್ಲವಾದರೆ ದೇವರಿಗೆ ಅವಳ ಗುರುತು ಗೊತ್ತಿದೆ. ಲೀಜ್ ಪಟ್ಟಣದ ಯಾವ ಬೀದಿಯಲ್ಲಿದ್ದರೂ ಅವನು ಹುಡುಕಿಕೊಂಡಾನು. ತಾಯಿಗೆ ಮಗುವನ್ನು ಹುಡುಕಲು ಇನ್ನೊಂದು ಜನ್ಮವಿಲ್ಲ.

"ಇಲ್ಲ, ಫಾದರ್" ಅಂದಳು. ಕಡ್ಡಿ ತುಂಡುಮಾಡಿದ ಹಾಗಿತ್ತು.

ಫಾದರ್ ಇನ್ನೂ ಕಿಟಕಿ ನೋಡುತ್ತಲೇ ಇದ್ದರು. "ಸರಿ ಹಾಗಾದ್ರೆ" ಎಂದರು. "ಮಗು ತಾಯಿಯದು."

ಗಿಟ್ಲಾ ಬಂದು ಬೆಗ್ಗಾಳ ಎರಡೂ ಕೈ ಹಿಡಿದುಕೊಂಡಳು. ಹೊಲಿದು, ಮುಸುರೆ ಹೊತ್ತು ಒಡೆದ ಕೈಗಳು ಗಿಟ್ಲಾಳವು. "ದಾರಿಯುದ್ದಕ್ಕೂ ಎಲ್ಲರೂ ಹೇಳಿದ್ರು, ಸನ್ಯಾಸಿನಿಯರನ್ನ ನಂಬಿ ಕೆಟ್ಟೆ, ಇಷ್ಟೊತ್ತಿಗೆ ನೀರು ಹಾಕಿರ್ತಾರೆ ಅಂತ. ನಾನೂ ಹಾಗೇ ಅಂದ್ಕೊಂಡೇ ಬಂದೆ ಸಿಸ್ಟರ್. ನೀವು ಮಾತು ಉಳಿಸಿಕೊಂಡ್ರಿ." ಬಗ್ಗಿ ಬೆಗ್ಗಾಳ ಕೈಗಳಿಗೆ ಮುತ್ತಿಟ್ಟಳು. ಬೆಗ್ಗಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪೊಲೀಸನ ಮುಂದೆ ನಿಂತದ್ದು, ಮಗುವಿನ ಉಸಿರು ಎಣಿಸಿದ್ದು ಯಾವುದೂ ಇಷ್ಟು ಕಷ್ಟವಾಗಿರಲಿಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಂಡರೆ ನಿಜ ಹೊರಬಿದ್ದೀತು.

ಮಗು ಹೋಗುವಾಗ ಅತ್ತಿತು, ರಂಪ ಮಾಡಿತು, ಬೆಗ್ಗಾಳ ಜೇಬು ಹಿಡಿದು ಜೋತುಬಿತ್ತು. ಬೆಗ್ಗಾ ಒಂದೊಂದೇ ಬೆರಳು ಬಿಡಿಸಿದಳು. "ಅವರು ನಿನ್ನ ಅಮ್ಮ. ನಾನು ಬೆಗಾ. ಹೋಗು, ಹಂದಿ ಎಷ್ಟು ಅಂತ ಕೇಳು." ಬಾಗಿಲ ಮೇಲಿನ ಮಾತೆ ಮರಿಯಳ ಪ್ರತಿಮೆಗೆ ಮಗು ರೂಢಿಯಂತೆ ಶಿಲುಬೆಯ ಗುರುತು ಮಾಡಿಕೊಂಡಿತು. ಗಿಟ್ಲಾ ಅದು ಮುಗಿಯುವವರೆಗೆ ಕಾದಳು. ಆಮೇಲೆ ಆ ಕೈಯನ್ನು ಹಿಡಿದು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡು, ಮಳೆಯಲ್ಲಿ ಇಳಿದು ಹೋದಳು.

ಶನಿವಾರ ಬೆಗ್ಗಾ ಜಾಲರಿಯ ಮುಂದೆ ಮಂಡಿಯೂರಿದಳು.

"ಸುಳ್ಳು ಹೇಳಿದೆ, ಫಾದರ್. ದೊಡ್ಡ ಸುಳ್ಳು."

"ಪಶ್ಚಾತ್ತಾಪ ಇದೆಯಾ?"

"ಹುಡುಕಿದೆ. ಇಲ್ಲ."

"ಸರಿಯಾಗಿ ಹುಡುಕಿದ್ರಾ?"

"ವಾರವೆಲ್ಲ ಅದೇ ಕೆಲಸ ಫಾದರ್."

ಆಚೆ ಕಡೆಯಿಂದ ನಿಟ್ಟುಸಿರು ಕೇಳಿತು. "ಪಾಪ ಅಲ್ಲದ್ದಕ್ಕೆ ಬಂದು ಅಷ್ಟೊಂದು ಅತ್ರಿ. ಪಾಪ ಮಾಡಿ ಬಂದು ಕಣ್ಣೀರೇ ಇಲ್ಲ ಅಂತೀರಿ. ಪಶ್ಚಾತ್ತಾಪ ಇಲ್ಲದೆ ನಾನು ಕ್ಷಮೆ ಕೊಡೋ ಹಾಗಿಲ್ಲ. ಕ್ಷಮೆ ಇಲ್ಲದೆ ನೀವು ಪರಮಪ್ರಸಾದ ತಗೊಳ್ಳೋ ಹಾಗಿಲ್ಲ."

"ಗೊತ್ತು."

"ಮುಂದಿನ ಶನಿವಾರ ಬನ್ನಿ. ಮತ್ತೆ ಕೇಳ್ತೀನಿ."

ಮರುದಿನದಿಂದ ಬಲಿಪೂಜೆಯಲ್ಲಿ ಎಲ್ಲರೂ ಎದ್ದು ಪರಮಪ್ರಸಾದದ ರೊಟ್ಟಿ ಸ್ವೀಕರಿಸಲು ಹೋಗುವಾಗ ಬೆಗ್ಗಾ ಬೆಂಚಿನಲ್ಲೇ ಉಳಿದಳು. ಚಿಕ್ಕ ಕಾನ್ವೆಂಟಿನಲ್ಲಿ ಅದು ಬೀದಿಯಲ್ಲಿ ಡಂಗುರ ಸಾರಿದಷ್ಟೇ ಬಹಿರಂಗ. ಅವಳ ಮೊಣಕಾಲು ದಾಟಿಕೊಂಡು ಹೋಗುವವರು ಕೆಳಗೆ ನೋಡುತ್ತಿದ್ದರು. ಬೆಗ್ಗಾ ಏನು ಮಾಡಿರಬಹುದೆಂದು ಅಡಿಗೆಮನೆಯಲ್ಲಿ ಗುಸುಗುಸು ನಡೆಯಿತು. "ಬೆಣ್ಣೆ ಕದ್ದಿರಬೇಕು, ಮೈ ನೋಡಿ" ಎಂದು ಸಿಸ್ಟರ್ ಯುಲಾಲಿ ತಮಾಷೆ ಮಾಡಿದಳು, ಯಾರೂ ನಗಲಿಲ್ಲ. ಮದರ್ ವಾಲ್ಬುರ್ಗಾ ಒಂದು ದಿನ ಅವಳನ್ನು ಕರೆದು ಕೂರಿಸಿಕೊಂಡು ಕೋಳಿಗಳು ಮೊಟ್ಟೆ ಇಡುತ್ತಿವೆಯೇ ಎಂದಷ್ಟೇ ವಿಚಾರಿಸಿ ಕಳಿಸಿದರು. ಜನರ ಮಾತಾದರೂ ತಡೆದುಕೊಳ್ಳಬಹುದಿತ್ತು. ಪ್ರಸಾದವಿಲ್ಲದ್ದನ್ನು ತಡೆಯುವುದು ಅವಳಿಗೆ ಕಷ್ಟವಾಯಿತು. ಹದಿನೆಂಟನೆಯ ವಯಸ್ಸಿನಿಂದ ದಿನ ಬೆಳಗಾದರೆ ಅದನ್ನೇ ಉಂಡವಳು. ಈಗ ಹಸಿವು ನಿಜವಾಗಿ ಹೊಟ್ಟೆಯಲ್ಲೇ ಕೊರೆಯುತ್ತಿತ್ತು.

ಶನಿವಾರ ಬರುತ್ತಿತ್ತು. ಫಾದರ್ ಕೇಳುತ್ತಿದ್ದರು, ಅವಳು ಇಲ್ಲವೆನ್ನುತ್ತಿದ್ದಳು. ಚಳಿಗಾಲದಲ್ಲಿ ಜರ್ಮನ್ನರು ಕಾಡಿನ ಕಡೆಯಿಂದ ಮತ್ತೆ ನುಗ್ಗಿ ಬಂದು, ಮತ್ತೆ ಹಿಂದೆ ಹೋದರು. ಮಾರ್ತ್‌ಳನ್ನು ಮೇಲಿನವರ ತೀರ್ಮಾನದಂತೆ ಬೇರೊಂದು ಕಾನ್ವೆಂಟಿಗೆ ಕಳಿಸಿದರು. ಚಿಕ್ಕಪ್ಪ ಬಂದು ಖಾಲಿ ಮೆಟ್ಟಿಲು ನೋಡಿ ಹೋದ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಮುಗಿಯುತ್ತ ಬಂತು. ಈಸ್ಟರ್ ಹಬ್ಬಕ್ಕೆ ಪರಮಪ್ರಸಾದ ಸ್ವೀಕರಿಸುವುದು ಪ್ರತಿ ಕಥೋಲಿಕನ ಕಡ್ಡಾಯ. ವರ್ಷವೆಲ್ಲ ಹೆಂಡದಂಗಡಿಯಲ್ಲಿ ಕಳೆಯುವವನೂ ಅಂದು ಮುಖ ತೊಳೆದುಕೊಂಡು ಬರುತ್ತಾನೆ. ಬರದವರ ಮನೆಗೆ ಫಾದರ್ ಕ್ಲೊಸ್ಸೆ ಖುದ್ದು ಹೋಗಿ ಬಾಗಿಲು ತಟ್ಟುತ್ತಿದ್ದರು.

ಹಬ್ಬದ ಹಿಂದಿನ ವಾರದ ಶನಿವಾರ ಬೆಗ್ಗಾ ಮಂಡಿಯೂರಿದಾಗ ಅವರು ಕೇಳುವ ಮೊದಲೇ ಮಾತಾಡಿದಳು.

"ಫಾದರ್, ಇನ್ನು ತಡೆಯಕ್ಕಾಗಲ್ಲ. ಈಸ್ಟರ್ ದಿನವೂ ನಾನು ಬೆಂಚಲ್ಲಿ ಕೂತಿರಬೇಕಾ? ಸ್ವಲ್ಪ ಪ್ರಯತ್ನ ಮಾಡಿದ್ರೆ ಪಶ್ಚಾತ್ತಾಪ ಬರುತ್ತೇನೋ. ನಿನ್ನೆಯಿಂದ ಬರೋ ಹಾಗೆ ಅನ್ನಿಸ್ತಿದೆ."

"ಬೇಡ" ಅಂದರು ಫಾದರ್.

ಅವಳು ತಪ್ಪು ಕೇಳಿಸಿತೆಂದುಕೊಂಡಳು.

"ಪಶ್ಚಾತ್ತಾಪ ಪಟ್ರೆ ಸುಳ್ಳನ್ನ ಸರಿಪಡಿಸಬೇಕಾಗುತ್ತೆ" ಎಂದರು ಅವರು. ಜಾಲರಿಗೆ ಎಷ್ಟು ಹತ್ತಿರ ಬಂದಿದ್ದರೆಂದರೆ ಅವರ ಉಸಿರು ಕೇಳುತ್ತಿತ್ತು. "ಹೊರಗೆ ಬಂದು ನಿಜ ಹೇಳಬೇಕಾಗುತ್ತೆ. ಹೇಳಿದ್ರೆ ನಾನು ಸುಮ್ಮನಿರೋನಲ್ಲ, ನಿಮಗೆ ಗೊತ್ತು. ನನಗೂ ಗೊತ್ತು. ಆ ಹೆಂಗಸಿನ ಮನೆಗೆ ಹೋಗಿ ನಾನೇ ಬಾಗಿಲು ತಟ್ಟಬೇಕಾಗುತ್ತೆ."

"ಹೌದು ಫಾದರ್."

"ಮಾರ್ತ್‌ಳ ಚಿಕ್ಕಪ್ಪ ಮೊನ್ನೆ ಚರ್ಚಿಗೆ ಬಂದಿದ್ದ. ಬೈಯಲಿಲ್ಲ. ಸುಮ್ಮನೆ ಹಿಂದೆ ಕೂತಿದ್ದು ಹೋದ." ಅವರ ದನಿ ಒಡೆಯಿತು. ಬೆಗ್ಗಾ ಜಾಲರಿಯ ಈಚೆ ಕಾದಳು. ಆ ಮನುಷ್ಯ ಅಳುವುದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ, ಅವಳೂ ನೋಡಲಿಲ್ಲ, ಕೇಳಿಸಿಕೊಂಡಳಷ್ಟೆ.

"ಈ ಈಸ್ಟರ್ ಬಿಟ್ಟುಬಿಡಿ, ಸಿಸ್ಟರ್" ಎಂದರು ಸ್ವಲ್ಪ ಹೊತ್ತಾದ ಮೇಲೆ. "ಮುಂದಿನ ಶನಿವಾರ ಬನ್ನಿ. ನಾನು ಕೇಳ್ತೀನಿ. ಕೇಳಲೇಬೇಕು. ನೀವು ಇಲ್ಲ ಅನ್ನಿ."